ಇಲವಾಲದ ಒಂಟಿ ಗರ್ಡರ್

ಹೋದ ವಾರ ಲಷ್ಕರ್ ಮೊಹಲ್ಲಾದಲ್ಲಿ ಮಳೆ ಹಿಡಿದುಕೊಂಡಿತು. ದಸರೆಯ ಹೊತ್ತಿಗೆ ಆ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸ್ಕೂಟರನ್ನು ಯಾವುದೋ ತಳ್ಳುಗಾಡಿಯ ಪಕ್ಕ ತೂರಿಸಿ, ಸಿಕ್ಕಿದ ಮೊದಲ ಅಂಗಡಿಯ ಸೂರಿನಡಿ ನುಗ್ಗಿದೆ. ನುಗ್ಗಿದ ಮೇಲೆ ಗೊತ್ತಾಯಿತು, ಅದು ರಹಮತ್ ಭಾಯ್ ಅವರ ಗೋಣಿಚೀಲದ ಅಂಗಡಿ. ಹೊರಗೆ ಪೇರಿಸಿಟ್ಟ ಚೀಲಗಳು ನೆನೆದು, ಒದ್ದೆ ಸೆಣಬಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಆಗುವುದಿಲ್ಲ. ಮೂರು ವರ್ಷದಿಂದ ಆಗುವುದಿಲ್ಲ.

ರಹಮತ್ ಭಾಯ್ ಗುರುತು ಹಿಡಿದುಬಿಟ್ಟರು. "ಅರೆ ಮೇಡಂ! ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ. ನಿಮ್ಮ ಬ್ರಿಡ್ಜು ಆಯ್ತಾ?"

"ಇಲ್ಲ ಭಾಯ್. ಆಗಲಿಲ್ಲ."

"ಆಗಲೇ ಇಲ್ವಾ? ಅಷ್ಟೊಂದು ಗೋಣಿ ತಗೊಂಡು ಹೋದ್ರಲ್ಲಾ!"

ಸೇತುವೆಯನ್ನು ಗೋಣಿಯಲ್ಲೇ ಹೊಲಿಯುತ್ತಾರೆ ಎನ್ನುವ ಹಾಗಿತ್ತು ಅವರ ಬೇಸರ. ನಗಬೇಕಿತ್ತು, ನಗು ಬರಲಿಲ್ಲ. ಮಳೆ ನಿಲ್ಲುವ ಮೊದಲೇ ಹೊರಟುಬಿಟ್ಟೆ. ಮನೆಗೆ ಬಂದು ತಲೆ ಒರೆಸಿಕೊಳ್ಳುವಾಗಲೂ ಆ ವಾಸನೆ ಬಟ್ಟೆಯಲ್ಲಿತ್ತು, ಅದರ ಹಿಂದೆಯೇ ಆ ವರ್ಷವೂ ಬಂತು.

ಆ ವರ್ಷ ನಾನು ವೇಗದ ರೈಲಿಗೆ ಸೇತುವೆ ವಿನ್ಯಾಸ ಮಾಡುತ್ತಿದ್ದೆ. ನಮ್ಮ ಆಫೀಸು ಇದ್ದದ್ದು ಕೃಷ್ಣಮೂರ್ತಿಪುರಂನ ಒಂದು ಹಳೆಯ ಮನೆಯಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹಾಲ್‌ನಲ್ಲಿ ಸೇತುವೆಯವರು, ಊಟದ ಮನೆಯಲ್ಲಿ ಸುರಂಗದವರು. ನಡುವೆ ಒಂದು ಬಾಗಿಲು ಮಾತ್ರ. ರೈಲಿನ ಹಾದಿ ಇನ್ನೂ ನಕ್ಷೆಯ ಮೇಲೆ ಅಲೆದಾಡುತ್ತಿತ್ತು. ದಿಲ್ಲಿಯ ಮುಖ್ಯ ಕಚೇರಿಯಿಂದ ಒಂದು ಮೇಲ್ ಬಂದರೆ ಹಾದಿ ಪಕ್ಕಕ್ಕೆ ಸರಿಯುತ್ತಿತ್ತು. ಹಾದಿ ಸರಿದರೆ ಹಳ್ಳವಿದ್ದ ಕಡೆ ದಿಣ್ಣೆ ಬರುತ್ತಿತ್ತು, ನನ್ನ ಸೇತುವೆ ಊಟದ ಮನೆಗೆ ಹೋಗಿ ಸುರಂಗವಾಗುತ್ತಿತ್ತು. ಮುಂದಿನ ತಿಂಗಳು ಇನ್ನೊಂದು ಮೇಲ್, ಅವರ ಸುರಂಗ ಹಾಲ್‌ಗೆ ಬಂದು ನನ್ನ ತಲೆಗೆ ಸೇತುವೆಯಾಗಿ ಕಟ್ಟಿಕೊಳ್ಳುತ್ತಿತ್ತು. ಸುರಂಗದವರಿಗೂ ನನ್ನಷ್ಟೇ ಉರಿ. ಅಷ್ಟು ವೇಗದ ರೈಲು ಸುರಂಗಕ್ಕೆ ನುಗ್ಗಿದರೆ ಒಳಗಿನ ಗಾಳಿ ಒತ್ತಿಕೊಂಡು ಹೋಗಿ ಆ ಕಡೆಯ ಬಾಯಿಯಲ್ಲಿ ಗುಂಡು ಹಾರಿದಂತೆ ಸದ್ದಾಗುತ್ತದೆ, ಅದಕ್ಕೆ ಬಾಯಿಯನ್ನು ಅಗಲ ಮಾಡಿ ಉದ್ದಕ್ಕೆ ಮುಖಮಂಟಪ ಕಟ್ಟಬೇಕು. ಪಾಪ, ಅವರು ಆ ಮಂಟಪದ ಲೆಕ್ಕ ಮುಗಿಸುವ ಹೊತ್ತಿಗೆ ಸುರಂಗವೇ ಇರುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ನನಗೆ ನನ್ನದು ಎನ್ನುವ ಒಂದೇ ಒಂದು ವಸ್ತುವಿತ್ತು. ಅದು ಗರ್ಡರ್. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಅಡ್ಡ ಮಲಗುವ, ಒಳಗೆ ಟೊಳ್ಳಾದ ದೊಡ್ಡ ಕಾಂಕ್ರೀಟ್ ತೊಲೆ. ಅದರ ಬೆನ್ನಿನ ಮೇಲೆಯೇ ರೈಲು ಓಡುವುದು. ಮಾಮೂಲಿ ರೈಲಿನ ಸೇತುವೆ ಮುರಿದು ಬೀಳದಿದ್ದರೆ ಸಾಕು. ವೇಗದ ರೈಲಿನ ಸೇತುವೆ ಕುಣಿಯಲೂ ಬಾರದು. ಚಕ್ರಗಳು ಒಂದೇ ತಾಳದಲ್ಲಿ ಬಡಿಯುತ್ತ ಹೋಗುತ್ತವೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಹೇಗೆ ಎತ್ತರೆತ್ತರಕ್ಕೆ ಹೋಗುತ್ತದೋ ಹಾಗೆ ಸೇತುವೆಯೂ ಜೀಕತೊಡಗುತ್ತದೆ. ಅದಕ್ಕೆ ಎಲ್ಲರೂ ಹೆದರಿಕೊಂಡು ಗರ್ಡರನ್ನು ಆನೆಯ ಹಾಗೆ ದಪ್ಪ ಮಾಡುತ್ತಾರೆ. ನಾನು ಅಷ್ಟು ದಪ್ಪವಿಲ್ಲದೆಯೂ ಕುಣಿಯದ ಒಂದು ಗರ್ಡರ್ ಮಾಡಿದ್ದೆ. ಬೇರೆ ಊರುಗಳಲ್ಲಿ ವರ್ಷಗಟ್ಟಲೆ ಬೇರೆಯವರ ಸೇತುವೆಗಳಿಗೆ ಲೆಕ್ಕ ಹಾಕಿಕೊಟ್ಟು ಸಾಕಾಗಿ ಮೈಸೂರಿಗೆ ಮರಳಿದವಳು ನಾನು. ಆ ಗರ್ಡರ್ ನನ್ನ ತಲೆಯಲ್ಲಿ ಎಷ್ಟೋ ಕಾಲದಿಂದ ಇತ್ತು.

ಅಂತೂ ದಿಲ್ಲಿಯವರು ಒಪ್ಪಿದರು. ಒಂದು ಗರ್ಡರನ್ನು ನಿಜವಾಗಿ ಎರಕ ಹೊಯ್ದು, ಅದರ ಮೇಲೆ ಭಾರ ಹೇರಿ, ಅಲುಗಾಡಿಸಿ ನೋಡಬೇಕು. ಗೆದ್ದರೆ ನಮ್ಮ ಭಾಗದ ಸೇತುವೆಗಳೆಲ್ಲ ಅದರದ್ದೇ. ಸೋತರೆ ಹಳೆಯ ದಪ್ಪ ಗರ್ಡರಿನ ಸಿದ್ಧ ನಕ್ಷೆಗಳು ಕಪಾಟಿನಲ್ಲಿ ಕಾಯುತ್ತಿದ್ದವು.

ಎರಕ ಹೊಯ್ಯಲು ಜಾಗ ಸಿಕ್ಕಿದ್ದು ಇಲವಾಲದ ಹತ್ತಿರ, ಹುಣಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಹುರುಳಿ ಬೆಳೆಯುತ್ತಿದ್ದ ಕೆಂಪು ಹೊಲದಲ್ಲಿ. ನೆಲ ಸಮ ಮಾಡಿ, ಕಬ್ಬಿಣದ ಅಚ್ಚು ನಿಲ್ಲಿಸಿ, ಕಾಂಕ್ರೀಟ್ ಕಲಸುವ ಯಂತ್ರ ತಂದಿಟ್ಟರು. ಯಾರ್ಡಿನ ಮ್ಯಾನೇಜರ್ ರಾಜಶೇಖರ್. ಒಳ್ಳೆಯ ಮನುಷ್ಯ, ಎಲ್ಲದಕ್ಕೂ "ಆಗುತ್ತೆ ಬಿಡಿ" ಎನ್ನುವ ಚಾಳಿ ಒಂದು ಬಿಟ್ಟರೆ. ನೀರಿನ ಪಂಪು ನೋಡಿಕೊಳ್ಳಲು ಪಕ್ಕದ ಹಳ್ಳಿಯ ಮಹದೇವಸ್ವಾಮಿ. ನನಗಿಂತ ಹತ್ತು ವರ್ಷ ದೊಡ್ಡವರು. ಹಣೆಯ ಮೇಲೆ ಬೆಳಿಗ್ಗೆ ಬಳಿದ ವಿಭೂತಿ ಸಂಜೆಯವರೆಗೂ ಅಳಿಸದೆ ಇರುತ್ತಿತ್ತು. ಅವರಿಗೆ ಮೊದಲ ದಿನವೇ ಹೇಳಿದ್ದೆ: "ನೋಡಿ, ಕಾಂಕ್ರೀಟ್ ಸುರಿಯೋದು ಹೆರಿಗೆ ಇದ್ದ ಹಾಗೆ. ಆಮೇಲೆ ಇರೋದೇ ಬಾಣಂತನ. ಮೈಮೇಲೆ ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ನೀರು ಕುಡಿಸಬೇಕು. ಒಣಗಿದರೆ ಬಿರುಕು ಬಿಡುತ್ತೆ." ಅವರು ಬಹಳ ಗಂಭೀರವಾಗಿ ತಲೆಯಾಡಿಸಿ, "ಮೂರ್ ಬಾಣಂತನ ನೋಡಿವ್ನಿ ಮೇಡಂ, ಬುಡಿ" ಎಂದಿದ್ದರು.

ಆದರೆ ಸುರಿಯುವುದಕ್ಕೆ ಬಿಡಬೇಕಲ್ಲ ಮಳೆ! ಆಷಾಢದಲ್ಲಿ ಹಿಡಿದದ್ದು ಭಾದ್ರಪದ ಕಳೆದರೂ ಬಿಡಲಿಲ್ಲ. ಕೆಂಪು ಮಣ್ಣು ಕಾಲಿಗೆ ಅಂಟಿ ಚಪ್ಪಲಿ ಮಣಭಾರವಾಗುತ್ತಿತ್ತು. ಜಲ್ಲಿ ತರುವ ಲಾರಿಗಳು ಹೂತುಕೊಂಡವು. ಕಟ್ಟಿದ ಕಂಬಿಗಳು ತುಕ್ಕು ಹಿಡಿದವು, ಉಜ್ಜಿಸಿದೆವು, ಮತ್ತೆ ಹಿಡಿದವು. ಅಚ್ಚಿನೊಳಗೆ ನೀರು ನಿಂತು ಕಪ್ಪೆಗಳು ಸಂಸಾರ ಹೂಡಿದವು. ನಾನು ದಿನಾ ಬೆಳಿಗ್ಗೆ ಕೃಷ್ಣಮೂರ್ತಿಪುರಂನಿಂದ ರೇನ್‌ಕೋಟು ಹಾಕಿಕೊಂಡು ಹೊರಡುವುದು, ಮೋಡಕ್ಕೆ ಬೈಯುವುದು, ಸಂಜೆ ಮೈಯೆಲ್ಲ ಕೆಸರಾಗಿ ಬರುವುದು. ಅತ್ತೆ ಬಾಗಿಲಲ್ಲೇ ಬಕೆಟ್ ಇಟ್ಟಿರುತ್ತಿದ್ದರು. "ನಿನ್ನ ಸೇತುವೆಗೆ ಯಾರದೋ ಕಣ್ಣು ಬಿದ್ದಿದೆ ಕಣಮ್ಮ" ಎನ್ನುತ್ತಿದ್ದರು. ಇನ್ನೂ ಹುಟ್ಟದ್ದಕ್ಕೆ ಯಾರ ಕಣ್ಣು ಬೀಳುತ್ತದೆ ಎಂದು ನಾನು ಸಿಡುಕುತ್ತಿದ್ದೆ.

ಮಳೆ ಒಂದು ಕಡೆಯಾದರೆ ದಿಲ್ಲಿ ಇನ್ನೊಂದು ಕಡೆ. ನಕ್ಷೆಗೆ ಒಪ್ಪಿಗೆ ಕೇಳಿದರೆ ಪ್ರಶ್ನೆ ಬರುತ್ತಿತ್ತು, ಉತ್ತರ ಕಳಿಸಿದರೆ ಹಳೆಯ ಪ್ರಶ್ನೆಯೇ ಬೇರೆಯವರ ಹೆಸರಿನಲ್ಲಿ ಬರುತ್ತಿತ್ತು. ಅಲ್ಲಿನ ಮುಖ್ಯ ಎಂಜಿನಿಯರು ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಹಾಕುತ್ತಿರಲಿಲ್ಲ. ಅವರ ಮುಖ ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಗೆ ನವರಾತ್ರಿ ಶುರುವಾದ ಮೇಲೆ, ಮಳೆಯೂ ಒಂದಿಷ್ಟು ಹಿಂಜರಿದಾಗ, ಒಪ್ಪಿಗೆ ಬಂತು. ಜೊತೆಗೆ ಅಪ್ಪಣೆಯೂ ಬಂತು. ದಸರೆ ಮುಗಿದ ಕೂಡಲೇ ದೊಡ್ಡವರು ಯಾರೋ ನೋಡಲು ಬರುತ್ತಾರಂತೆ, ಅಷ್ಟರಲ್ಲಿ ಗರ್ಡರ್ ನಿಂತಿರಬೇಕಂತೆ. ಲೆಕ್ಕ ಹಾಕಿದರೆ ಆಯುಧಪೂಜೆಯ ಹಿಂದಿನ ದಿನವೇ ಸುರಿಯಬೇಕು. ಹಬ್ಬ ಕಳೆಯಲಿ ಎಂದು ಕೇಳಿಕೊಂಡೆ. ಕತ್ತಲು ಪರದೆಯ ಹಿಂದಿನಿಂದ ಅವರು ಕೇಳಿದರು, ಕಾಂಕ್ರೀಟಿಗೆ ಯಾವ ಹಬ್ಬ ಎಂದು. ರಾಜಶೇಖರ್ ಪಕ್ಕದಿಂದ, "ಆಗುತ್ತೆ ಬಿಡಿ ಸರ್" ಎಂದುಬಿಟ್ಟರು.

ಸುರಿದೆವು. ಆ ಒಂದು ದಿನವನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಕು ಹರಿಯುವಾಗ ಶುರುವಾದದ್ದು ಸಂಜೆಯವರೆಗೆ ಎಲ್ಲೂ ನಿಲ್ಲಲಿಲ್ಲ. ಯಂತ್ರ ಕೆಡಲಿಲ್ಲ, ಲಾರಿ ಹೂತುಕೊಳ್ಳಲಿಲ್ಲ, ಮಳೆ ಒಂದು ಹನಿ ಬೀಳಲಿಲ್ಲ. ನಾಲ್ಕು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದದ ಅಚ್ಚು ಪಶ್ಚಿಮದ ತುದಿಯಿಂದ ಪೂರ್ವದ ತುದಿಯವರೆಗೆ ತುಂಬಿಕೊಂಡಿತು. ಮೇಲೆ ಪ್ಲಾಸ್ಟಿಕ್ ಹೊದಿಸಿ ಕೆಳಗಿಳಿದಾಗ ನನಗೆ ಅಳು ಬಂತು. ಮಹದೇವಸ್ವಾಮಿ ದೂರದಿಂದಲೇ ಕೈಮುಗಿದರು, ಗರ್ಡರಿಗೋ ನನಗೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಪ್ಲಾಸ್ಟಿಕ್ ತೆಗೆಸಿ, ರಹಮತ್ ಭಾಯ್ ಅಂಗಡಿಯ ಗೋಣಿಗಳನ್ನು ಒಂದೂ ಸಂದಿಲ್ಲದಂತೆ ಹಾಸಿಸಿದೆ. ಪಂಪು ಶುರುವಾಯಿತು, ಕೊಳವೆಗಳಿಂದ ತುಂತುರು ಬಿತ್ತು, ಇಡೀ ಯಾರ್ಡು ಒದ್ದೆ ಗೋಣಿಯ ವಾಸನೆ ಹೊಡೆಯತೊಡಗಿತು. "ನೀರು ನಿಲ್ಲಬಾರದು ಮಹದೇವಸ್ವಾಮಿ" ಎಂದೆ. "ನಿಲ್ಲಾಕಿಲ್ಲ ಮೇಡಂ. ನೀವ್ ಓಗಿ, ಅಬ್ಬ ಮಾಡಿ" ಎಂದರು. ಮನೆಗೆ ಬಂದೆ. ಅತ್ತೆ ಈಳಿಗೆಮಣೆಯಿಂದ ಹಿಡಿದು ನನ್ನ ಸ್ಕೂಟರಿನವರೆಗೆ ಎಲ್ಲಕ್ಕೂ ಕುಂಕುಮ ಹಚ್ಚಿದರು. ಕಡುಬು ತಿಂದೆ. ತಿಂಗಳುಗಳ ನಂತರ ಮೊದಲ ಸಲ ಮಧ್ಯಾಹ್ನ ಮಲಗಿದೆ. ಎದ್ದಾಗ ಹೊರಗೆ ಎಂಥಾ ಬಿಸಿಲು! ಅಂಗಳದಲ್ಲಿ ಹರವಿದ್ದ ಬಟ್ಟೆ ಆಗಲೇ ಗರಿಗರಿಯಾಗಿತ್ತು. ಒಳ್ಳೆಯದಾಯಿತು, ಮಳೆ ಹೋಯಿತು ಎಂದುಕೊಂಡೆ.

ವಿಜಯದಶಮಿಯ ಬೆಳಿಗ್ಗೆ, ಊರೆಲ್ಲ ಮೆರವಣಿಗೆಗೆ ಜಾಗ ಹಿಡಿಯಲು ಓಡುತ್ತಿದ್ದಾಗ, ನಾನು ಇಲವಾಲಕ್ಕೆ ಹೋದೆ. ಪಂಪು ನಿಂತಿತ್ತು. ಅದರ ಕತ್ತಿಗೆ ಸೇವಂತಿಗೆ ಹಾರ, ಮೈಮೇಲೆ ವಿಭೂತಿಯ ಮೂರು ಗೆರೆ, ಮುಂದೆ ಒಡೆದ ಬೂದುಗುಂಬಳ. ಏಣಿ ಹತ್ತಿದೆ. ಪಶ್ಚಿಮದ ಕಡೆಯ ಗೋಣಿಗಳು ಒದ್ದೆಯಾಗಿದ್ದವು. ಪೂರ್ವದ ಕಡೆಯವು ಹಪ್ಪಳದ ಹಾಗೆ ಒಣಗಿದ್ದವು. ಒಂದನ್ನು ಎತ್ತಿ ನೋಡಿದೆ. ಕೆಳಗೆ ಕಾಂಕ್ರೀಟಿನ ಮೇಲೆ ಸಣ್ಣ ಸಣ್ಣ ಬಿರುಕುಗಳು, ಅಂಗೈ ಗೆರೆಗಳಂತೆ. ಇನ್ನೊಂದು ಎತ್ತಿದೆ. ಅಲ್ಲೂ.

ಮಹದೇವಸ್ವಾಮಿ ಕೆಳಗೆ ನಿಂತಿದ್ದರು. ಅವರ ಪಂಚೆ ಮೊಣಕಾಲಿನವರೆಗೆ ಸಿಮೆಂಟು ನೀರಿನಲ್ಲಿ ನೆನೆದು ಒಣಗಿ ಗಡುಸಾಗಿತ್ತು.

"ಪಂಪು ಕೆಟ್ಟಿತ್ತಾ?"

"ಇಲ್ಲ ಮೇಡಂ."

"ಕರೆಂಟು?"

"ಇತ್ತು."

"ಮತ್ತೆ?"

"ಮದ್ಯಾನ ಮ್ಯಾನೇಜರು ಎಲ್ಲಾ ಮಿಸನ್ನಿಗೂ ಪೂಜೆ ಮಾಡ್ಸುದ್ರು. ಪೂಜೆ ಆಗೋಗಂಟ ಅಂತ ಪಂಪ್ ನಿಲ್ಸುದೆ. ಮಂಗಳಾರತಿ ಆಗೋಯ್ತು. ಆಮ್ಯಾಕೆ..." ಅವರು ಕೈ ತೋರಿಸಿದರು, ಅಂಗೈ ಬೊಬ್ಬೆ ಎದ್ದು ಕೆಂಪಾಗಿತ್ತು. "ಪೂಜೆ ಮಾಡಿದ ಆಯುಧನ ಅವತ್ತೇ ಎಂಗೆ ಮೇಡಂ ಮುಟ್ಟೋದು? ನಮ್ಮಪ್ಪ ಅವತ್ತು ಮಚ್ಚನ್ನೂ ಮುಟ್ತಿರ್ನಿಲ್ಲ. ಸ್ವಿಚ್ಚಿನ ತಾವ ಓಯ್ತೀನಿ, ಕೈ ಬರ್ನಿಲ್ಲ. ಅದ್ಕೇ ತೊಟ್ಟೀಲಿ ಬಿಂದ್ಗೆ ಮುಳುಗ್ಸಿ ಏಣಿ ಅತ್ತಿ ಅತ್ತಿ ಉಯ್ದೆ. ಕತ್ಲಾಗೋಗಂಟ ಉಯ್ದೆ. ಆ ಕಡೆ ತುದೀಗೆ ಆಗ್ನಿಲ್ಲ ಮೇಡಂ."

ತೊಟ್ಟಿ ಇದ್ದದ್ದು ಪಶ್ಚಿಮದ ತುದಿಯಲ್ಲಿ.

"ನನಗೆ ಒಂದು ಫೋನ್ ಮಾಡಬಾರದಿತ್ತಾ?"

"ಅಬ್ಬದ ದಿನ, ಮನೇಲಿ ಪೂಜೆ ಮಾಡ್ತಿರ್ತೀರಿ ಅಂತ..."

ಆವತ್ತು ನಾನು ಆ ಮನುಷ್ಯನಿಗೆ ಏನೇನು ಅಂದೆ ಎಂದು ಬರೆಯಲಾರೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ ನಿಂತೇ ಇದ್ದರು, ಅದು ಇನ್ನಷ್ಟು ಸಿಟ್ಟು ಬರಿಸಿತು. ಒಬ್ಬರಾದರೂ ಸೋಮಾರಿಯಾಗಿದ್ದರೆ, ಕುಡಿದು ಮಲಗಿದ್ದರೆ, ಬೈದು ಹಗುರವಾಗಬಹುದಿತ್ತು. ಇಲ್ಲಿ ಎಲ್ಲರೂ ಭಕ್ತಿಯಿಂದ, ಶ್ರದ್ಧೆಯಿಂದ, ಪ್ರತಿ ವರ್ಷ ಮಾಡುವುದನ್ನೇ ಮಾಡಿದ್ದರು. ಮತ್ತೆ ಆ ಮಳೆ! ಮೂರು ತಿಂಗಳು ಬೇಡಬೇಡವೆಂದರೂ ಸುರಿದ ಮಳೆ, ಅವತ್ತು ಒಂದು ಮಧ್ಯಾಹ್ನ ಬಿದ್ದಿದ್ದರೆ ಸಾಕಿತ್ತು.

ವಿಡಿಯೋ ಕಾಲ್ ಆಯಿತು. ಮುಖ್ಯ ಎಂಜಿನಿಯರ ಜೊತೆ ಹೊರದೇಶದ ತಜ್ಞರೊಬ್ಬರೂ ಇದ್ದರು. ಪಂಪು ಕೆಟ್ಟಿತ್ತೇ, ಇಲ್ಲ. ವಿದ್ಯುತ್ ಹೋಗಿತ್ತೇ, ಇಲ್ಲ. ಆಪರೇಟರ್ ಗೈರುಹಾಜರಾಗಿದ್ದನೇ, ಇಲ್ಲ, ಇಡೀ ದಿನ ಅಲ್ಲೇ ಇದ್ದರು. ಹಾಗಾದರೆ ಪಂಪು ಯಾಕೆ ನಿಂತಿತ್ತು ಎಂದು ತಜ್ಞರು ಕೇಳಿದರು. ರಾಜಶೇಖರ್ ಗಂಟಲು ಸರಿಪಡಿಸಿಕೊಂಡು, "ಅವತ್ತು ಪಂಪಿಗೆ ರಜೆ ಇತ್ತು ಸರ್" ಎಂದರು. ತಜ್ಞರು ನೆಟ್‌ವರ್ಕ್ ಸರಿಯಿಲ್ಲವೆಂದುಕೊಂಡು ಇನ್ನೊಮ್ಮೆ ಹೇಳಿ ಎಂದರು. ಆಮೇಲೆ ನಾನೇ ಬಿಡಿಸಿ ಹೇಳಿದೆ. ತಜ್ಞರು ಕೇಳಿಸಿಕೊಂಡರು, ನಗಲಿಲ್ಲ. ಬಿರುಕು ಎಷ್ಟು ಆಳಕ್ಕೆ ಹೋಗಿದೆ ನೋಡಿ, ಆಮೇಲೆ ಮಾತಾಡೋಣ ಎಂದರು.

ಕೊರೆದು ನೋಡಿದೆವು. ಬಿರುಕುಗಳು ಮೇಲುಮೇಲಿನವು, ಕಂಬಿಯನ್ನೂ ಮುಟ್ಟಿರಲಿಲ್ಲ. ಕಾಂಕ್ರೀಟಿನ ಗಟ್ಟಿತನ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಬಿರುಕಿಗೆ ಅಂಟು ತುಂಬಿ ಮುಚ್ಚಬಹುದು, ಪರೀಕ್ಷೆಗೆ ಯಾವ ಅಡ್ಡಿಯೂ ಇಲ್ಲ ಎಂದು ತಜ್ಞರೇ ಒಪ್ಪಿದರು. ನನಗೆ ಹೋದ ಜೀವ ಬಂದಂತಾಯಿತು. ನಾನು ಕೇಳಿದ್ದು ಇಷ್ಟೇ: ಅದನ್ನು ಎರಡು ಕಂಬದ ಮೇಲೆ ಇಡಿ, ಭಾರ ಹಾಕಿ, ಅಲುಗಾಡಿಸಿ. ಕುಣಿದರೆ ನಾನೇ ಒಡೆಸುತ್ತೇನೆ.

ಇಡಲಿಲ್ಲ. ವೇಗದ ರೈಲಿನ ಮೊದಲ ಗರ್ಡರ್, ಅದರ ಮೈಮೇಲೆ ಕಲೆ ಇರಬಾರದು ಎಂದರು ಮುಖ್ಯ ಎಂಜಿನಿಯರು. ಯಾರಾದರೂ ಬಿರುಕಿನ ಫೋಟೋ ತೆಗೆದು ಹಾಕಿದರೆ ಉತ್ತರ ಕೊಡುವವರು ಯಾರು ಎಂದರು. ಹಾಗಾದರೆ ಇನ್ನೊಂದು ಹೊಯ್ಯೋಣ ಎಂದೆ. ಅದಕ್ಕೆ ಕಾಲವಿಲ್ಲ, ನಿಮ್ಮ ವಿನ್ಯಾಸಕ್ಕೆ ಇನ್ನಷ್ಟು ಅಧ್ಯಯನ ಬೇಕು ಎಂದರು. ಅದನ್ನು ಯಾರೂ ಅಧ್ಯಯನ ಮಾಡುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಕಪಾಟಿನಿಂದ ದಪ್ಪ ಗರ್ಡರಿನ ನಕ್ಷೆಗಳು ಹೊರಬಂದವು. ಅದಕ್ಕೆ ಬೇರೆ ಊರಿನಲ್ಲಿ ಯಾರ್ಡು ತೆರೆದರು. ಸಂಕ್ರಾಂತಿಯ ಹೊತ್ತಿಗೆ ಇಲವಾಲದಿಂದ ಅಚ್ಚು, ಯಂತ್ರ, ಕ್ರೇನು ಎಲ್ಲ ಹೋದವು. ನೋಡಲು ಬರಬೇಕಿದ್ದ ದೊಡ್ಡವರೂ ಬರಲಿಲ್ಲ, ಆ ಭೇಟಿಯೇ ರದ್ದಾಗಿತ್ತು. ಗರ್ಡರನ್ನು ಒಡೆಯುವುದೂ ಸಾಗಿಸುವುದೂ ದಂಡದ ಕೆಲಸವೆಂದು ಅಲ್ಲೇ ಬಿಟ್ಟರು. ಕೃಷ್ಣಮೂರ್ತಿಪುರಂನ ಆಫೀಸಿನ ಬಾಗಿಲಿಗೂ 'ಬಾಡಿಗೆಗೆ ಇದೆ' ಹಲಗೆ ಬಿತ್ತು. ನಾನೀಗ ರಸ್ತೆಯ ಚರಂಡಿಗಳಿಗೆ ಮೋರಿ ವಿನ್ಯಾಸ ಮಾಡುತ್ತೇನೆ. ಮೋರಿಗಳು ಕುಣಿಯುವುದಿಲ್ಲ.

ಇಷ್ಟನ್ನು ಯಾರಿಗೂ ಹೇಳದೆ ಮೂರು ವರ್ಷ ನುಂಗಿಕೊಂಡಿದ್ದೆ. ರಹಮತ್ ಭಾಯ್ ಅಂಗಡಿಯ ಒದ್ದೆ ಗೋಣಿ ಎಲ್ಲವನ್ನೂ ಕದಡಿತು. ಈ ಸಲದ ಆಯುಧಪೂಜೆಯ ದಿನ ಅತ್ತೆ ಸ್ಕೂಟರಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಗಿಸುವುದನ್ನೇ ಕಾದು, ಅದನ್ನೇ ಹತ್ತಿ ಹೊರಟೆ. "ಪೂಜೆ ಮಾಡಿದ ಗಾಡೀನ ಇವತ್ತೇ ಓಡಿಸ್ತಾರೇನೆ?" ಎಂದು ಅತ್ತೆ ಹಿಂದಿನಿಂದ ಕೂಗಿದರು. ನಿಂಬೆಹಣ್ಣು ಚಪ್ಪಟೆಯಾಯಿತು, ನಾನು ನಿಲ್ಲಿಸಲಿಲ್ಲ.

ಹೊಲ ಮತ್ತೆ ಹೊಲವಾಗಿತ್ತು. ಗರ್ಡರ್ ಇದ್ದಲ್ಲೇ ಇತ್ತು, ಸುತ್ತ ಹುರುಳಿ ಬಳ್ಳಿ ಹಬ್ಬಿಸಿಕೊಂಡು. ಟೊಳ್ಳಿನೊಳಗೆ ಯಾರೋ ಮೇವು ಒಟ್ಟಿದ್ದರು. ಬಿಸಿಲು ಅವತ್ತಿನಂತೆಯೇ ಸುಡುತ್ತಿತ್ತು. ಹತ್ತಿರ ಹೋದಾಗ ಮೇಲಿನಿಂದ ನೀರು ತೊಟ್ಟಿಕ್ಕುತ್ತಿರುವುದು ಕಂಡಿತು. ಮಳೆಯಿಲ್ಲದೆ ನೀರೆಲ್ಲಿಂದ ಎಂದು ತಲೆಯೆತ್ತಿದರೆ, ಬಿದಿರಿನ ಏಣಿ, ಏಣಿಯ ತುದಿಯಲ್ಲಿ ಮಹದೇವಸ್ವಾಮಿ. ತಲೆ ಪೂರ್ತಿ ಬೆಳ್ಳಗಾಗಿತ್ತು, ಹಣೆಯ ವಿಭೂತಿ ಹಾಗೇ ಇತ್ತು. ಕೈಯಲ್ಲಿ ಬಿಂದಿಗೆ.

ನನ್ನನ್ನು ನೋಡಿ ಅವರು ಕಕ್ಕಾಬಿಕ್ಕಿಯಾದರು. ಬಿಂದಿಗೆಯನ್ನು ಬೆನ್ನ ಹಿಂದೆ ಮರೆಮಾಡಲು ನೋಡಿದರು, ಏಣಿಯ ಮೇಲೆ ಅದು ಆಗಲಿಲ್ಲ.

"ಏನು ಮಾಡ್ತಿದೀರಿ?"

"ಏನಿಲ್ಲ ಮೇಡಂ. ಒರ್ಸ ಒರ್ಸ ಈ ದಿನ ಬತ್ತೀನಿ."

"ಯಾಕೆ?"

"ಅವತ್ತು ಆಗ್ನಿಲ್ವಲ್ಲ."

ನನಗೆ ಮತ್ತೆ ಅದೇ ಸಿಟ್ಟು ನೆತ್ತಿಗೇರಿತು. ಮೂರು ವರ್ಷದ ಕಾಂಕ್ರೀಟು, ಕಲ್ಲಾಗಿ ಹೋಗಿದೆ. ಈಗ ಕಾವೇರಿಯನ್ನೇ ತಂದು ಸುರಿದರೂ ಅದಕ್ಕೆ ಏನೂ ಆಗಬೇಕಾದ್ದಿಲ್ಲ. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅವರು ತಲೆ ತಗ್ಗಿಸಿ, ಅವತ್ತು ನಿಂತ ಹಾಗೆಯೇ, ಬೈಸಿಕೊಳ್ಳಲು ಸಿದ್ಧರಾಗಿ ನಿಂತಿದ್ದರು. ಬಿಂದಿಗೆಯ ಬಾಯಿಂದ ನೀರು ಅವರ ಪಂಚೆಯ ಮೇಲೆ ಹನಿಯುತ್ತಿತ್ತು. ಪಶ್ಚಿಮದ ಅರ್ಧ ಒದ್ದೆಯಾಗಿ ಕಪ್ಪಾಗಿತ್ತು. ಪೂರ್ವದ ಅರ್ಧ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

ಏಣಿಯ ಬುಡದಲ್ಲಿ, ಹಳೆಯ ತೊಟ್ಟಿಯ ಪಕ್ಕ, ಇನ್ನೊಂದು ಬಿಂದಿಗೆ ತುಂಬಿಟ್ಟಿತ್ತು. ಅದನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ.

"ಏಣಿ ಆ ಕಡೆ ತುದಿಗೆ ಹಾಕಿ" ಎಂದೆ. "ಯಾವಾಗಲೂ ಇದೇ ಕಡೆ ಸುರೀತೀರಿ."